ಎಷ್ಟು ಪರವಾನಗಿ ರದ್ದಾಯಿತು ಎಂಬುದೊಂದೇ ಲೆಕ್ಕವಲ್ಲ

ಮಾನ್ಯ ಸಂಪಾದಕರೇ,

ವ್ಯಾಪಾರ, ಉದ್ಯಮಗಳಿಗೆ ಬೇಕಾದ ಪರವಾನಗಿಗಳನ್ನು ಪರಿಶೀಲಿಸಿ ಕಡಿಮೆ ಮಾಡುತ್ತೇವೆ ಎಂದು ಯಾವ ಸರ್ಕಾರ ಹೊರಟರೂ ಕೊನೆಗೆ ಪತ್ರಿಕಾಗೋಷ್ಠಿಯಲ್ಲಿ ಹೊರಬೀಳುವುದು ಒಂದು ಸಂಖ್ಯೆ: ಇಷ್ಟು ನೂರು ಪರವಾನಗಿ ರದ್ದು, ಇಷ್ಟು ನಿಯಮ ಸರಳ. ಮರುದಿನದ ತಲೆಬರಹವೂ ಅದೇ. ಆದರೆ ಹೊಸದಾಗಿ ವ್ಯಾಪಾರ ಶುರು ಮಾಡುವವರ ಹೊರೆ ಎಷ್ಟು ಇಳಿಯಿತು ಎಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ. ಜನರ ಸುರಕ್ಷತೆಗೆ ಏನಾಯಿತು ಎಂಬುದೂ ತಿಳಿಯುವುದಿಲ್ಲ. ಈ ಕೆಲಸದ ಒಳಹೊರಗು ಗೊತ್ತಿರುವವರು ಮೊದಲು ಕೇಳುವುದು ಬೇರೆಯೇ ಪ್ರಶ್ನೆಗಳನ್ನು. ಅವುಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಲೆಕ್ಕದಿಂದ ಆರಂಭಿಸೋಣ. ಒಂದು ಇಲಾಖೆ ಹತ್ತು ಪರವಾನಗಿಗಳನ್ನು ರದ್ದು ಮಾಡಿತು ಎಂದುಕೊಳ್ಳಿ. ಒಂದೊಂದನ್ನೂ ವರ್ಷಕ್ಕೆ 50 ಮಂದಿ ಪಡೆಯುತ್ತಿದ್ದರು. ಅರ್ಜಿ, ದಾಖಲೆ, ಓಡಾಟ ಎಲ್ಲ ಸೇರಿ ಒಬ್ಬೊಬ್ಬರಿಗೆ 20 ಗಂಟೆ ಹಿಡಿಯುತ್ತಿತ್ತು. ಉಳಿತಾಯವಾದದ್ದು 10,000 ಗಂಟೆ. ಇನ್ನೊಂದು ಇಲಾಖೆ ಒಂದನ್ನೂ ರದ್ದು ಮಾಡಲಿಲ್ಲ. 40,000 ಮಂದಿ ಪ್ರತಿವರ್ಷ ತಲಾ 6 ಗಂಟೆ ಕಳೆದು ನವೀಕರಿಸುತ್ತಿದ್ದ ಒಂದೇ ಒಂದು ಪರವಾನಗಿಯ ಅವಧಿಯನ್ನು ಐದು ವರ್ಷಕ್ಕೆ ಏರಿಸಿತು, ಅಷ್ಟೆ. ವರ್ಷಕ್ಕೆ 2,40,000 ಗಂಟೆ ಆಗುತ್ತಿದ್ದದ್ದು ಸರಾಸರಿ 48,000ಕ್ಕೆ ಇಳಿಯಿತು. ಉಳಿತಾಯ 1,92,000 ಗಂಟೆ. ತಲೆಬರಹ ಸಿಗುವುದು ಮೊದಲ ಇಲಾಖೆಗೆ. ಎರಡನೆಯದರ ಮುಂದೆ ಪ್ರಗತಿ ವರದಿಯಲ್ಲಿ ‘ರದ್ದಾದವು: ಸೊನ್ನೆ’ ಎಂದು ಬರೆದಿರುತ್ತದೆ.

ಗಂಟೆಗಳಲ್ಲಿ ಲೆಕ್ಕ ಹಾಕುವ ಈ ಪದ್ಧತಿ ಹೊಸದೇನಲ್ಲ. ನೆದರ್ಲೆಂಡ್ಸ್ ಇದನ್ನು ಕ್ರಮಬದ್ಧವಾಗಿ ಬೆಳೆಸಿ, 2003ರಿಂದ 2007ರೊಳಗೆ ಉದ್ಯಮಗಳ ಕಾಗದಪತ್ರದ ಹೊರೆಯನ್ನು ಶೇ 25ರಷ್ಟು ಇಳಿಸುವ ಗುರಿ ಇಟ್ಟುಕೊಂಡಿತು. ಸೂತ್ರ ಸರಳ: ಒಂದು ಸಲಕ್ಕೆ ಹಿಡಿಯುವ ಸಮಯ, ಗಂಟೆಯ ಕೂಲಿ, ಎಷ್ಟು ಸಂಸ್ಥೆಗಳು, ವರ್ಷಕ್ಕೆ ಎಷ್ಟು ಸಲ. ಈ ನಾಲ್ಕನ್ನೂ ಗುಣಿಸಿದರೆ ಆಯಿತು. ಇದರಲ್ಲೂ ಕೊರತೆ ಇದೆ. ಅರ್ಜಿ ತುಂಬುವ ಸಮಯ ಲೆಕ್ಕಕ್ಕೆ ಬರುತ್ತದೆ, ಉತ್ತರಕ್ಕಾಗಿ ಕಾಯುವ ಸಮಯ ಬರುವುದಿಲ್ಲ. ಮಳಿಗೆಯ ಬಾಡಿಗೆ, ಸಾಲದ ಬಡ್ಡಿ ಎರಡೂ ಏರುತ್ತಿರುವಾಗ ಪರವಾನಗಿಗಾಗಿ ಬಾಗಿಲು ಮುಚ್ಚಿಕೊಂಡು ಕೂತ ಎರಡು ತಿಂಗಳೇ ಬಹುಪಾಲು ಸಣ್ಣ ಉದ್ಯಮಿಗಳಿಗೆ ದೊಡ್ಡ ನಷ್ಟ. ಆದ್ದರಿಂದ ಗಂಟೆಗಳ ಪಕ್ಕದಲ್ಲಿ ಕಾಯುವ ದಿನಗಳ ಇನ್ನೊಂದು ಕಾಲಂ ಇರಲೇಬೇಕು. ಅದೂ ಕಾಗದದ ಮೇಲಿನ ಗಡುವಲ್ಲ. ಹಿಂದಿನ ವರ್ಷ ವಿಲೇವಾರಿಯಾದ ಕಡತಗಳು ನಿಜವಾಗಿ ತೆಗೆದುಕೊಂಡ ದಿನಗಳು.

ಇನ್ನು ಪಟ್ಟಿಯ ವಿಷಯ. ಪರಿಶೀಲನೆ ಎಡವುವುದು ಹೆಚ್ಚಾಗಿ ಇಲ್ಲೇ. ತಾನು ಎಷ್ಟು ಪರವಾನಗಿ ಕೊಡುತ್ತಿದ್ದೇನೆ ಎಂಬುದೇ ಸರ್ಕಾರಕ್ಕೆ ಗೊತ್ತಿರುವುದಿಲ್ಲ. ಸ್ವೀಡನ್‌ನಂಥ ಅಚ್ಚುಕಟ್ಟಿನ ದೇಶಕ್ಕೂ 1984ರಲ್ಲಿ ಜಾರಿಯಲ್ಲಿರುವ ನಿಯಮಗಳ ಪೂರ್ಣ ಪಟ್ಟಿ ಕೂಡಿಸಲು ಆಗಲಿಲ್ಲ. ಕೊನೆಗೆ ಅದು ಕಂಡುಕೊಂಡ ದಾರಿ ಜಾಣತನದ್ದು: ಗೊತ್ತಾದ ದಿನದೊಳಗೆ ಇಲಾಖೆಗಳು ತಮಗೆ ಬೇಕಾದ ನಿಯಮಗಳನ್ನು ಕೇಂದ್ರ ದಾಖಲೆಯಲ್ಲಿ ನೋಂದಾಯಿಸಬೇಕು, ನೋಂದಾಯಿಸದ್ದು ತಾನಾಗಿಯೇ ಅಸಿಂಧು. ನೂರಾರು ನಿಯಮಗಳನ್ನು ನೋಂದಾಯಿಸಲು ಯಾರೂ ಮುಂದೆ ಬರಲೇ ಇಲ್ಲ. ಕೆನ್ಯಾ 2005–07ರ ಅವಧಿಯಲ್ಲಿ ಲೆಕ್ಕಕ್ಕೆ ಕೂತಾಗ 1,300ಕ್ಕೂ ಹೆಚ್ಚು ಪರವಾನಗಿಗಳು ಸಿಕ್ಕವು. ವಿಯೆಟ್ನಾಂ 2007ರಿಂದ 2010ರವರೆಗೆ ನಡೆಸಿದ ಪರಿಶೀಲನೆಯಲ್ಲಿ 5,000ಕ್ಕೂ ಹೆಚ್ಚು ಆಡಳಿತ ವಿಧಾನಗಳನ್ನು ಒಟ್ಟುಮಾಡಿ ಸಾರ್ವಜನಿಕರ ಮುಂದಿಟ್ಟಿತು.

ಪಟ್ಟಿ ಮಾಡುವಾಗ ‘ಪರವಾನಗಿ’ ಎಂಬ ಹೆಸರನ್ನು ನಂಬಿ ಕೂರುವಂತಿಲ್ಲ. ನೋಂದಣಿ, ಅನುಮತಿ, ನಿರಾಕ್ಷೇಪಣಾ ಪತ್ರ, ಯೋಗ್ಯತಾ ಪ್ರಮಾಣಪತ್ರ, ಸಮ್ಮತಿ, ಶಿಫಾರಸು, ‘ಅವಗಾಹನೆಗಾಗಿ’ ಸಲ್ಲಿಸುವ ಪತ್ರ, ಏನೇ ಇರಲಿ, ಅದು ಕೈಗೆ ಬರುವ ತನಕ ಕೆಲಸ ಆರಂಭಿಸುವಂತಿಲ್ಲ ಎಂದಾದರೆ ಅದು ಪರವಾನಗಿಯೇ. ಇಲಾಖೆಯಿಂದ ಪಟ್ಟಿ ಕೇಳಿದರೆ ಕಾಯ್ದೆಯಲ್ಲಿರುವ ನಾಲ್ಕನ್ನು ಬರೆದುಕೊಡುತ್ತಾರೆ. ಸುತ್ತೋಲೆಯಲ್ಲಿ ಹುಟ್ಟಿದ ಎಂಟು, ಸ್ಥಳೀಯ ಸಂಸ್ಥೆಯ ಠರಾವಿನಲ್ಲಿ ಹುಟ್ಟಿದ ಮೂರು, ಯಾವ ಆಧಾರವೂ ಇಲ್ಲದೆ ರೂಢಿಯಿಂದ ನಡೆದು ಬಂದ ಎರಡು ಹೊರಗೇ ಉಳಿಯುತ್ತವೆ. ಹಾಗಾಗಿ ಎರಡು ಕಡೆಯಿಂದ ಪಟ್ಟಿ ತಯಾರಾಗಬೇಕು. ಒಂದು ಇಲಾಖೆಯಿಂದ. ಇನ್ನೊಂದು, ಹತ್ತಿಪ್ಪತ್ತು ಬಗೆಯ ಉದ್ಯಮಗಳನ್ನು ಆರಿಸಿಕೊಂಡು, ಕಳೆದ ಆರು ತಿಂಗಳಲ್ಲಿ ಶುರುವಾದ ಘಟಕಗಳು ನಿಜವಾಗಿ ಯಾವ ಯಾವ ಕಚೇರಿಗೆ ಏನೇನು ಕೊಟ್ಟವು ಎಂದು ಅವರ ಕಡತದಿಂದಲೇ ಬರೆದುಕೊಂಡದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಕಾಣುವ ವ್ಯತ್ಯಾಸವೇ ಪರಿಶೀಲನೆಯ ಮೊದಲ ಫಲ. ಕಾನೂನಿನ ಆಧಾರವೇ ಇಲ್ಲದ್ದನ್ನು ಚರ್ಚೆಗೆ ತರಬೇಕಾಗಿಯೂ ಇಲ್ಲ. ಅಂಥದ್ದನ್ನು ಕೇಳಕೂಡದು ಎಂಬ ಒಂದು ಆದೇಶ ಸಾಕು.

ಪಟ್ಟಿಯ ಪ್ರತಿ ಸಾಲಿನಲ್ಲೂ ಕೆಲವು ವಿವರಗಳು ಬೇಕು: ಯಾವ ಕಾಯ್ದೆಯ ಎಷ್ಟನೇ ಕಲಂ, ಯಾವ ನಮೂನೆ, ಎಷ್ಟು ದಾಖಲೆ, ಶುಲ್ಕ, ಅವಧಿ, ಕಳೆದ ವರ್ಷ ಬಂದ ಅರ್ಜಿಗಳು, ತಿರಸ್ಕರಿಸಿದವು, ಕೊಟ್ಟ ಮೇಲೆ ಅಮಾನತು ಮಾಡಿದವು. ಇವುಗಳಲ್ಲಿ ಕೊನೆಯ ಎರಡಕ್ಕೆ ಹೆಚ್ಚಿನ ಬೆಲೆ. ಹತ್ತು ಸಾವಿರ ಅರ್ಜಿ ಬಂದು ಒಂದೂ ತಿರಸ್ಕಾರವಾಗಿಲ್ಲ, ಒಂದೂ ಅಮಾನತಾಗಿಲ್ಲ ಎಂದರೆ ಆ ಪರವಾನಗಿ ಯಾರನ್ನೂ ಸೋಸುತ್ತಿಲ್ಲ. ಬರೀ ಶುಲ್ಕ ಸಂಗ್ರಹದ ಕೌಂಟರ್. ತಿರಸ್ಕಾರ ಬಹಳವಿದ್ದರೆ ಕಾರಣ ನೋಡಬೇಕು. ‘ಸಹಿ ಹೊಂದಿಕೆಯಾಗಿಲ್ಲ’, ‘ಪ್ರತಿ ಅಸ್ಪಷ್ಟ’ ಎಂಬಂಥವೇ ತುಂಬಿದ್ದರೆ ಅಲ್ಲಿಯೂ ಸುರಕ್ಷತೆಯ ಕೆಲಸ ನಡೆಯುತ್ತಿಲ್ಲ ಎಂದೇ ಅರ್ಥ.

ಮುಂದಿನ ಹೆಜ್ಜೆ: ಇದನ್ನು ಇಟ್ಟುಕೊಳ್ಳಬೇಕೆ, ಬೇಡವೆ? ಇಲ್ಲಿ ಸಾಬೀತು ಮಾಡುವ ಹೊಣೆ ಯಾರ ಮೇಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ಇದು ಯಾಕೆ ಬೇಡ ಹೇಳಿ’ ಎಂದು ಉದ್ಯಮಿಗಳನ್ನು ಕೇಳಿದರೆ ಪರಿಶೀಲನೆ ಹತ್ತು ವರ್ಷ ಎಳೆಯುತ್ತದೆ. ‘ಇದು ಯಾಕೆ ಬೇಕು ಹೇಳಿ, ಇಷ್ಟು ದಿನದೊಳಗೆ ಹೇಳದಿದ್ದರೆ ಹೋಯಿತು’ ಎಂದು ಇಲಾಖೆಯನ್ನು ಕೇಳಿದರೆ ಒಂದೇ ವರ್ಷದಲ್ಲಿ ಮುಗಿಯುತ್ತದೆ. ಕೇಳಬೇಕಾದ ಪ್ರಶ್ನೆಗಳನ್ನು ಐರೋಪ್ಯ ಒಕ್ಕೂಟದ 2006ರ ಸೇವಾ ನಿರ್ದೇಶನದ (ಸೇವಾ ವ್ಯವಹಾರಗಳ ಬಗ್ಗೆ ಸದಸ್ಯ ದೇಶಗಳು ಪಾಲಿಸಬೇಕಾದ ಕಾನೂನು) ಒಂಬತ್ತನೇ ವಿಧಿ ಚೊಕ್ಕವಾಗಿ ಹೇಳಿದೆ: ಪೂರ್ವಾನುಮತಿ ಯಾರ ವಿರುದ್ಧವೂ ತಾರತಮ್ಯ ಮಾಡಬಾರದು, ಅದಕ್ಕೆ ಗಟ್ಟಿಯಾದ ಸಾರ್ವಜನಿಕ ಹಿತದ ಕಾರಣ ಇರಬೇಕು, ಅದಕ್ಕಿಂತ ಹಗುರವಾದ ಉಪಾಯದಿಂದ ಆ ಉದ್ದೇಶ ಈಡೇರುವಂತಿರಬಾರದು. ವಿಶೇಷವಾಗಿ, ಆಮೇಲೆ ತಪಾಸಣೆ ಮಾಡಿದರೆ ತೀರಾ ತಡವಾಗುತ್ತದೆಯೇ ಎಂದು ನೋಡಬೇಕು. ಇಡೀ ವಿಷಯದ ತಿರುಳು ಈ ಕೊನೆಯ ಮಾತಿನಲ್ಲಿದೆ. ಸಿಡಿಮದ್ದಿನ ದಾಸ್ತಾನು ಸಿಡಿದ ಮೇಲೆ ತಪಾಸಣೆಗೆ ಹೋಗಿ ಪ್ರಯೋಜನವಿಲ್ಲ. ಅಲ್ಲಿ ಪರವಾನಗಿ ಮೊದಲೇ ಬೇಕು. ಪುಸ್ತಕದ ಅಂಗಡಿಯಲ್ಲಿ ಮೊದಲೇ ತಡೆಯಬೇಕಾದ ಅಪಾಯ ಯಾವುದಿದೆ?

ಇವೆರಡರ ನಡುವೆ ಬರುವವುಗಳಲ್ಲೇ ನಿಜವಾದ ಕೆಲಸ ಇರುವುದು. ಆಹಾರ ತಯಾರಿಸಿ ಮಾರುವ ಘಟಕವನ್ನೇ ತೆಗೆದುಕೊಳ್ಳಿ. ರೋಗ ಹರಡುವ ಕಾರಣಗಳು ಗೊತ್ತಿರುವಂಥವು: ಬೇಗ ಕೆಡುವ ಪದಾರ್ಥ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಗಂಟೆಗಟ್ಟಲೆ ಉಳಿಯುವುದು, ಒಳಭಾಗ 70 ಡಿಗ್ರಿ ಮುಟ್ಟುವಂತೆ ಬೇಯಿಸದಿರುವುದು, ಹಸಿ ಮಾಂಸ ಕತ್ತರಿಸಿದ ಹಲಗೆಯ ಮೇಲೆಯೇ ಬೇಯಿಸಿದ್ದನ್ನು ಇಡುವುದು, ಕೈ ತೊಳೆಯದಿರುವುದು, ನೀರು ಶುದ್ಧವಿಲ್ಲದಿರುವುದು. ಈಗ ಇಂಥ ಘಟಕಗಳಿಗೆ ಹಲವು ಕಡೆ ಬಳಸುವ ಅರ್ಜಿ ನಮೂನೆಯನ್ನು ಬಿಡಿಸಿ ನೋಡಿ. ಬಾಡಿಗೆ ಕರಾರು, ಗುರುತಿನ ಚೀಟಿ, ಕಟ್ಟಡದ ನಕ್ಷೆ, ತೆರಿಗೆ ರಸೀದಿ, ಮಾಲೀಕರ ಭಾವಚಿತ್ರ. ಉಷ್ಣಾಂಶದ ಮಾತೇ ಇಲ್ಲ. ಅಷ್ಟನ್ನೂ ಸರಿಯಾಗಿ ಕೊಟ್ಟವರ ಫ್ರಿಡ್ಜ್ 12 ಡಿಗ್ರಿಯಲ್ಲಿ ಓಡುತ್ತಿದ್ದರೂ ಪರವಾನಗಿ ಸಿಗುತ್ತದೆ. ಚೆನ್ನಾಗಿ ಓಡುವ ಫ್ರಿಡ್ಜ್ ಇದ್ದು ತೆರಿಗೆ ರಸೀದಿ ಕಳೆದುಹೋಗಿದ್ದರೆ ಸಿಗುವುದಿಲ್ಲ.

ಬ್ರಿಟನ್‌ನಲ್ಲಿ ಇದಕ್ಕೆ ಬೇರೆ ದಾರಿ ಇದೆ. ಸಾಮಾನ್ಯ ಆಹಾರ ವ್ಯವಹಾರ ತೆರೆಯುವವರು ಕನಿಷ್ಠ 28 ದಿನ ಮೊದಲು ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಬೇಕು. ಶುಲ್ಕವಿಲ್ಲ, ನೋಂದಣಿಯನ್ನು ನಿರಾಕರಿಸುವಂತೆಯೂ ಇಲ್ಲ. ಆಮೇಲೆ ಅಧಿಕಾರಿಗಳು ಅಡುಗೆಮನೆಗೇ ಬಂದು ನೋಡುತ್ತಾರೆ, ಸ್ಕಾಟ್ಲೆಂಡ್ ಬಿಟ್ಟು ಉಳಿದ ಕಡೆ ಸೊನ್ನೆಯಿಂದ ಐದರವರೆಗೆ ಶುಚಿತ್ವದ ಅಂಕ ಕೊಡುತ್ತಾರೆ; ವೇಲ್ಸ್‌ನಲ್ಲಿ ಆ ಅಂಕವನ್ನು ಗಿರಾಕಿಗೆ ಕಾಣುವಂತೆ ಅಂಟಿಸುವುದು ಕಡ್ಡಾಯ. ಪ್ರಾಣಿಜನ್ಯ ಪದಾರ್ಥಗಳನ್ನು ಸಂಸ್ಕರಿಸಿ ಬೇರೆ ವ್ಯಾಪಾರಿಗಳಿಗೆ ಪೂರೈಸುವಂಥ ಘಟಕಗಳಿಗೆ ಮಾತ್ರ ಮೊದಲೇ ಅನುಮೋದನೆ ಬೇಕಾಗುತ್ತದೆ. ಅಲ್ಲಿ ಕಡಿಮೆಯಾದದ್ದು ಬಾಗಿಲಿನ ಕಾವಲು. ಒಳಗಿನ ನಿಗಾ ಹಾಗೇ ಇದೆ. ಎಲ್ಲ ದೇಶಗಳಿಗೂ ಇದು ಹಾಗೆ ಹಾಗೇ ಹೊಂದುತ್ತದೆ ಎನ್ನಲಾರೆ. ಅಡುಗೆಮನೆ ನೋಡಲು ತರಬೇತಾದ ಸಿಬ್ಬಂದಿಯೇ ಇಲ್ಲದ ಕಡೆ ಬರೀ ನೋಂದಣಿ ಎಂದರೆ ಬರೀ ನೋಂದಣಿಯೇ.

ಪರವಾನಗಿಯ ಜಾಗದಲ್ಲಿ ಸ್ವಯಂ ಘೋಷಣೆ ತರುವಾಗಲೂ ಒಂದು ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ‘ಅನ್ವಯವಾಗುವ ಎಲ್ಲ ಕಾನೂನುಗಳನ್ನು ಪಾಲಿಸುತ್ತೇನೆ, ತಪ್ಪಿದಲ್ಲಿ ಕ್ರಮಕ್ಕೆ ಬದ್ಧ’ ಎಂಬ ಒಂದು ಸಾಲಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಹಾಕಿದವರಿಗೆ ತಾವು ಯಾವುದಕ್ಕೆ ಒಪ್ಪಿದೆವು ಎಂದು ಗೊತ್ತಿರುವುದಿಲ್ಲ. ನಾಳೆ ಬರುವ ಇನ್‌ಸ್ಪೆಕ್ಟರ್‌ಗೆ ಯಾವ ಕಾರಣಕ್ಕೆ ಬೇಕಾದರೂ ಹಿಡಿಯಲು ಅವಕಾಶ. ಘೋಷಣೆಯಲ್ಲಿ ಅಳೆಯಬಹುದಾದ ಮಾತುಗಳಿರಬೇಕು. ‘ಶೈತ್ಯಪೆಟ್ಟಿಗೆಯ ಉಷ್ಣಾಂಶ 5 ಡಿಗ್ರಿ ಮೀರುವುದಿಲ್ಲ, ದಿನಕ್ಕೆ ಎರಡು ಸಲ ನೋಡಿ ಬರೆದಿಡುತ್ತೇನೆ’ ಎಂಬಂಥವು ಎಂಟೋ ಹತ್ತೋ ಇದ್ದರೆ ಸಾಕು. ತಪಾಸಣೆಗೆ ಬಂದವರ ಕೈಯಲ್ಲೂ ಅದೇ ಹತ್ತು ಅಂಶಗಳ ಪಟ್ಟಿ ಇರಬೇಕು, ಹನ್ನೊಂದನೆಯದು ಇರಕೂಡದು.

ಅಳೆಯುವವರು ಯಾರು ಎಂಬುದೂ ಸಣ್ಣ ಮಾತಲ್ಲ. ವೃತ್ತಿ ಪರವಾನಗಿಗಳನ್ನು ಕೊಡುವ ಮಂಡಳಿಗಳಲ್ಲಿ ಬಹುಪಾಲು ಆ ವೃತ್ತಿಯವರೇ ಕೂತಿರುತ್ತಾರೆ. ಅಮೆರಿಕದ ನಾರ್ತ್ ಕರೊಲಿನಾ ರಾಜ್ಯದಲ್ಲಿ ದಂತವೈದ್ಯರೇ ಹೆಚ್ಚಾಗಿದ್ದ ಮಂಡಳಿಯೊಂದು, ಹಲ್ಲು ಬಿಳುಪು ಮಾಡುವ ಸೇವೆ ಕೊಡುತ್ತಿದ್ದ ದಂತವೈದ್ಯರಲ್ಲದವರಿಗೆ ‘ನಿಲ್ಲಿಸಿ’ ಎಂದು ಪತ್ರ ಬರೆಯಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಮಾರುಕಟ್ಟೆಯಲ್ಲಿ ಸ್ಪರ್ಧಿಗಳಾಗಿರುವವರೇ ನಿಯಂತ್ರಿಸುವ ಮಂಡಳಿಗೆ, ಸರ್ಕಾರದ ಸಕ್ರಿಯ ಮೇಲ್ವಿಚಾರಣೆ ಇಲ್ಲದಿದ್ದರೆ, ಸ್ಪರ್ಧಾ ಕಾನೂನಿನ ಕ್ರಮದಿಂದ ವಿನಾಯಿತಿ ಇಲ್ಲ ಎಂದು 2015ರಲ್ಲಿ ತೀರ್ಪು ಬಂತು. ಅದೇ ವರ್ಷ ಶ್ವೇತಭವನ ಹೊರತಂದ ವರದಿಯ ಪ್ರಕಾರ ಅಲ್ಲಿನ ದುಡಿಯುವವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಕೆಲಸ ಮಾಡಲು ಯಾವುದಾದರೊಂದು ಪರವಾನಗಿ ಬೇಕು. 1950ರ ದಶಕದ ಆರಂಭದಲ್ಲಿ ಈ ಪ್ರಮಾಣ ಶೇ 5ಕ್ಕಿಂತ ಕಡಿಮೆ ಇತ್ತು. ಪರಿಶೀಲನಾ ಸಮಿತಿಯಲ್ಲಿ ಈಗಾಗಲೇ ಪರವಾನಗಿ ಪಡೆದವರನ್ನಷ್ಟೇ ಕೂರಿಸಿ ‘ಉದ್ಯಮದ ಅಭಿಪ್ರಾಯ ಕೇಳಿದೆವು’ ಎಂದರೆ, ಹೊರಗೆ ನಿಂತವರ ಮಾತು ಒಳಗೆ ಬರುವುದೇ ಇಲ್ಲ. ಒಳಗಿದ್ದವರಿಗೆ ಬಾಗಿಲು ಬಿಗಿಯಾಗಿದ್ದಷ್ಟೂ ಲಾಭ.

ಉಳಿಸಿಕೊಂಡ ಪರವಾನಗಿಗಳ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಹೊರೆಯ ಬಹುಪಾಲು ಉಳಿಯುವುದು ಅವುಗಳಲ್ಲೇ.

ಮೊದಲನೆಯದು ವಿಲೀನ. ಐದು ಪರವಾನಗಿಗಳನ್ನು ಸೇರಿಸಿ ಒಂದು ಮಾಡಿದೆವು ಎನ್ನುತ್ತಾರೆ. ನಮೂನೆ ತೆರೆದರೆ ಭಾಗ ‘ಅ’ದಿಂದ ಭಾಗ ‘ಉ’ವರೆಗೆ ಹಳೆಯ ಐದೂ ನಮೂನೆಗಳು ಸಾಲಾಗಿ ಕೂತಿರುತ್ತವೆ. ವಿಳಾಸವನ್ನು ಐದು ಸಲ ಬರೆಯಬೇಕು, ಐವರು ಬೇರೆ ಬೇರೆ ದಿನ ಸ್ಥಳ ಪರಿಶೀಲನೆಗೆ ಬರುತ್ತಾರೆ. ಲೆಕ್ಕದಲ್ಲಿ ಮಾತ್ರ ನಾಲ್ಕು ಕಡಿಮೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2001ರಲ್ಲಿ ಈ ಆಟಕ್ಕೆ ಅವಕಾಶ ಇರದಂತೆ ಎಣಿಕೆಯ ಘಟಕವನ್ನೇ ಬದಲಿಸಿತು: ಕಾಯ್ದೆ, ನಿಯಮ, ನಮೂನೆ ಎಲ್ಲದರಲ್ಲಿ ‘ಇದನ್ನು ಮಾಡಲೇಬೇಕು’ ಎಂದು ಜನರ ಮೇಲೆ ಹೊರಿಸಿದ ಒಂದೊಂದು ಕಟ್ಟುಪಾಡನ್ನೂ ಎಣಿಸಿತು. ಮೂರು ಲಕ್ಷಕ್ಕೂ ಹೆಚ್ಚು ಸಿಕ್ಕವು. ಮೂರು ವರ್ಷದಲ್ಲಿ ಮೂರನೇ ಒಂದು ಭಾಗ ಇಳಿಸುವ ಗುರಿ ಇಟ್ಟಿತು. ಎಣಿಸಲೇಬೇಕೆಂದಿದ್ದರೆ ಹೀಗೆ ಎಣಿಸುವುದು ಮೇಲು. ಆದರೆ ಆಗಲೂ ಎಲ್ಲ ಕಟ್ಟುಪಾಡುಗಳೂ ಒಂದೇ ತೂಕದವಲ್ಲ.

ಎರಡನೆಯದು ಏಕಗವಾಕ್ಷಿ. ಅರ್ಜಿ ಒಂದೇ ಕಡೆ ಕೊಡಬಹುದು, ನಿಜ. ಆ ಕಿಟಕಿಯ ಹಿಂದೆ ಕೂತವರಿಗೆ ತೀರ್ಮಾನಿಸುವ ಅಧಿಕಾರ ಇದೆಯೇ, ಅಥವಾ ಬಂದ ಕಾಗದವನ್ನು ಏಳು ಇಲಾಖೆಗೆ ರವಾನಿಸಿ ಏಳರ ಉತ್ತರಕ್ಕೆ ಕಾಯುತ್ತಾರೆಯೇ? ಎರಡನೆಯದಾದರೆ ಅದು ಅಂಚೆ ಪೆಟ್ಟಿಗೆ. ಪೋರ್ಟಲ್ ಆದರೂ ಕಥೆ ಅದೇ. ಅಪ್‌ಲೋಡ್ ಮಾಡಿದ ದಾಖಲೆಯ ಮುದ್ರಿತ ಪ್ರತಿಗೆ ಸಹಿ ಹಾಕಿ ಕಚೇರಿಗೆ ತಂದುಕೊಡಿ ಎಂದು ಕೇಳುವಲ್ಲಿ ಕೆಲಸ ಇಮ್ಮಡಿಯಾಗಿದೆ. ಒಂದು ಇಲಾಖೆ ಕೊಟ್ಟ ದಾಖಲೆಯನ್ನು ಇನ್ನೊಂದು ಇಲಾಖೆ ಅರ್ಜಿದಾರರಿಂದ ಕೇಳಬಾರದು ಎಂಬ ಒಂದೇ ನಿಯಮ ಕಟ್ಟುನಿಟ್ಟಾಗಿ ಜಾರಿಯಾದರೆ ಲಗತ್ತುಗಳ ಪಟ್ಟಿ ತಾನಾಗಿಯೇ ಗಿಡ್ಡವಾಗುತ್ತದೆ.

ಮೂರನೆಯದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು: ಗಡುವಿನೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸುವ ಪದ್ಧತಿ. ಐರೋಪ್ಯ ನಿರ್ದೇಶನದಲ್ಲಿ ಇದು ಸಾಮಾನ್ಯ ನಿಯಮ; ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ಜಾರ್ಜಿಯಾ ದೇಶದ 2005ರ ಪರವಾನಗಿ ಕಾನೂನಿನಲ್ಲೂ ಇದೆ. ಓದಲು ಚೆಂದ. ನಡೆಯುವುದು ಹೀಗೆ. ಗಡುವು 30 ದಿನ ಎಂದಿರುತ್ತದೆ, ಆದರೆ ‘ಪರಿಪೂರ್ಣ ಅರ್ಜಿ’ ಸ್ವೀಕರಿಸಿದ ದಿನದಿಂದ. ಪರಿಪೂರ್ಣವೋ ಅಲ್ಲವೋ ಎಂದು ಹೇಳುವವರು ಅದೇ ಕಚೇರಿಯವರು. 28ನೇ ದಿನ ಒಂದು ಪ್ರಶ್ನೆ ಬರುತ್ತದೆ. ಉತ್ತರ ಕೊಟ್ಟ ಕೂಡಲೇ ಎಣಿಕೆ ಮತ್ತೆ ಒಂದರಿಂದ. ಇನ್ನೊಂದು 28ನೇ ದಿನ, ಇನ್ನೊಂದು ಪ್ರಶ್ನೆ. ಅಥವಾ ಗಡುವು ತಪ್ಪುವ ಭಯಕ್ಕೆ, ಓದದೆಯೇ ಕೊನೆಯ ದಿನ ತಿರಸ್ಕಾರ. ಇದೆಲ್ಲ ದಾಟಿ ಅನುಮತಿ ‘ಸಿಕ್ಕಿದೆ ಎಂದು ಭಾವಿಸಿದ’ವರ ಕೈಯಲ್ಲಿ ಏನಿರುತ್ತದೆ? ಏನೂ ಇಲ್ಲ. ಬ್ಯಾಂಕು ಸಾಲಕ್ಕೆ ಪ್ರಮಾಣಪತ್ರ ಕೇಳುತ್ತದೆ, ವಿಮಾ ಕಂಪನಿ ಕೇಳುತ್ತದೆ, ವಿದ್ಯುತ್ ಸಂಪರ್ಕ ಕೊಡುವವರು ಕೇಳುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಈ ಸ್ಥಿತಿಗೇ ಹೇಳಿದಂತಿದೆ.

ಇದಕ್ಕೆ ಮದ್ದು ಕಷ್ಟದ್ದೇನಲ್ಲ. ಅರ್ಜಿ ಅಪೂರ್ಣ ಎಂದು ಹೇಳಲು ಮೊದಲ ಐದು ಕೆಲಸದ ದಿನಗಳಷ್ಟೇ ಅವಕಾಶ. ಅಷ್ಟರಲ್ಲಿ ಹೇಳದಿದ್ದರೆ ಪೂರ್ಣ ಎಂದೇ ಲೆಕ್ಕ. ಪ್ರಶ್ನೆಗಳೆಲ್ಲ ಒಂದೇ ಸಲ, ಒಂದೇ ಪತ್ರದಲ್ಲಿ. ಉತ್ತರಕ್ಕೆ ಕಾಯುವಾಗ ಗಡಿಯಾರ ನಿಲ್ಲಬಹುದು, ಸೊನ್ನೆಗೆ ಮರಳಬಾರದು. ತಿರಸ್ಕರಿಸಿದರೆ ಕಲಂ ಸಹಿತ ಕಾರಣ. ಗಡುವು ಮುಗಿದ ಮರುಕ್ಷಣ ಗಣಕವ್ಯವಸ್ಥೆಯೇ ಕ್ರಮಸಂಖ್ಯೆ ಇರುವ ಪ್ರಮಾಣಪತ್ರ ಹೊರಡಿಸಬೇಕು. ಅದನ್ನು ತಡೆಯುವ ಗುಂಡಿ ಯಾವ ಅಧಿಕಾರಿಯ ಲಾಗಿನ್‌ನಲ್ಲೂ ಇರಬಾರದು. ಇನ್ನೊಂದು ಮಾತು: ಇದು ನಿಜವಾಗಿ ಅಪಾಯಕಾರಿಯಾದ ಕೆಲಸಗಳಿಗೆ ಅಲ್ಲವೇ ಅಲ್ಲ. ವಿಷಾನಿಲ ಬಳಸುವ ಕಾರ್ಖಾನೆಗೆ ಗುಮಾಸ್ತರ ಸೋಮಾರಿತನದಿಂದ ಅನುಮತಿ ಸಿಗಬಾರದು. ಅಲ್ಲಿ ತಡವಾದರೆ ಕಡತ ತಾನಾಗಿ ಮೇಲಧಿಕಾರಿಯ ಮೇಜಿಗೆ ಹೋಗಬೇಕು, ಅಷ್ಟೆ.

ನವೀಕರಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಏನೂ ಬದಲಾಗದಿದ್ದರೆ ಏನನ್ನು ನವೀಕರಿಸುವುದು? ಅದೇ ಐರೋಪ್ಯ ನಿರ್ದೇಶನದಲ್ಲಿ ಅನುಮತಿ ಸಾಮಾನ್ಯವಾಗಿ ಅವಧಿಯ ಮಿತಿಯಿಲ್ಲದ್ದು. ಮಾಲೀಕತ್ವ, ಜಾಗ, ಯಂತ್ರ, ಪ್ರಮಾಣ ಬದಲಾದರೆ ತಿಳಿಸಿ ಎಂದರೆ ಮುಗಿಯಿತು. ಇಲಾಖೆಗಳು ನವೀಕರಣವನ್ನು ಬಿಡದಿರುವುದಕ್ಕೆ ಕಾರಣ ಶುಲ್ಕ. ಸ್ಥಳೀಯ ಸಂಸ್ಥೆಗಳಿಗಂತೂ ಅದು ಖಚಿತ ಆದಾಯ. ಈ ಮಾತನ್ನು ಮುಚ್ಚಿಡದೆ ಮೇಜಿನ ಮೇಲಿಟ್ಟು, ಆದಾಯ ಬೇಕಿದ್ದರೆ ಈಗಾಗಲೇ ಇರುವ ತೆರಿಗೆಯ ಜೊತೆಯಲ್ಲೇ ವಸೂಲಿ ಮಾಡಲಿ, ಅನುಮತಿಯ ಶುಲ್ಕ ಅದನ್ನು ಕೊಡಲು ತಗುಲುವ ವೆಚ್ಚವನ್ನು ಮೀರದಿರಲಿ ಎಂದು ಬೇರ್ಪಡಿಸದ ಹೊರತು ಪರಿಶೀಲನೆಗೆ ಒಳಗಿನಿಂದಲೇ ಅಡ್ಡಗಾಲು ತಪ್ಪುವುದಿಲ್ಲ.

ಸಂಖ್ಯೆಯ ಗುರಿಯಿಂದ ಆಗುವ ಇನ್ನೊಂದು ಬಗೆಯ ಹಾನಿಗೆ ಬರುತ್ತೇನೆ. ಬ್ರಿಟನ್ 2011ರಲ್ಲಿ ‘ಒಂದು ಬಂದರೆ ಒಂದು ಹೋಗಬೇಕು’ ಎಂಬ ನಿಯಮ ತಂದಿತು, 2013ರಲ್ಲಿ ‘ಒಂದು ಬಂದರೆ ಎರಡು ಹೋಗಬೇಕು’ ಎಂದು ಬಿಗಿ ಮಾಡಿತು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಮಂದಿ ತೀರಿಕೊಂಡರು. 2024ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ವಿಚಾರಣಾ ಸಮಿತಿಯ ಅಂತಿಮ ವರದಿ, ನಿಯಮ ಕಡಿತದ ಧೋರಣೆ ಸಂಬಂಧಪಟ್ಟ ಇಲಾಖೆಯ ತಲೆಯಲ್ಲಿ ಎಷ್ಟು ತುಂಬಿಕೊಂಡಿತ್ತೆಂದರೆ ಜೀವದ ಸುರಕ್ಷತೆಯ ವಿಷಯಗಳನ್ನೂ ಅಲಕ್ಷಿಸಲಾಯಿತು, ಮುಂದೂಡಲಾಯಿತು ಎಂದು ಹೇಳಿದೆ. ಆ ಕಟ್ಟಡದ ದುರಂತಕ್ಕೆ ಕಾರಣ ಅದೊಂದೇ ಅಲ್ಲ. ಹೊರಹೊದಿಕೆಯ ಸಾಮಗ್ರಿ ಮಾರಿದವರ ವಂಚನೆಯನ್ನೂ ವರದಿ ಬಿಚ್ಚಿಟ್ಟಿದೆ. ಆದರೂ ಅಗತ್ಯವಾದ ಒಂದು ನಿಯಮ ಬಿಗಿ ಮಾಡಲು ಅದರ ವೆಚ್ಚದ ಇಮ್ಮಡಿಯಷ್ಟನ್ನು ಬೇರೆ ನಿಯಮಗಳಲ್ಲಿ ಹುಡುಕಿ ಕಿತ್ತುಹಾಕಬೇಕು ಎಂದಾದರೆ ಅಧಿಕಾರಿಗಳು ಆ ತಂಟೆಗೇ ಹೋಗುವುದಿಲ್ಲ ಎಂಬುದು ಊಹಿಸಲು ಕಷ್ಟವಲ್ಲ. ಜಾರ್ಜಿಯಾ ಸುಮಾರು 900 ಪರವಾನಗಿಗಳನ್ನು 150ರ ಆಸುಪಾಸಿಗೆ ಇಳಿಸಿ ಹೊಗಳಿಸಿಕೊಂಡಿತು. ಅದೇ ಹುರುಪಿನಲ್ಲಿ ಆಹಾರ ತಪಾಸಣೆಯನ್ನೂ ಕೆಲವು ವರ್ಷ ಅಮಾನತಿನಲ್ಲಿಟ್ಟಿತು. ಐರೋಪ್ಯ ಒಕ್ಕೂಟದ ಜೊತೆ ವ್ಯಾಪಾರ ಒಪ್ಪಂದದ ಮಾತು ಬಂದಾಗ ಅದನ್ನು ಮತ್ತೆ ಕಟ್ಟಬೇಕಾಯಿತು.

ದಕ್ಷಿಣ ಕೊರಿಯಾ 1998ರಲ್ಲಿ, ಆರ್ಥಿಕ ಬಿಕ್ಕಟ್ಟಿನ ನಡುವೆ, ದಾಖಲೆಯಲ್ಲಿದ್ದ 11,125 ನಿಯಮಗಳಲ್ಲಿ ಅರ್ಧದಷ್ಟನ್ನು ಕಿತ್ತುಹಾಕಲು ಇಲಾಖೆಗಳಿಗೆ ಅಧ್ಯಕ್ಷರಿಂದಲೇ ಸೂಚನೆ ಹೋಯಿತು. ವರ್ಷ ಕಳೆಯುವುದರೊಳಗೆ ಹತ್ತಿರ ಹತ್ತಿರ ಅರ್ಧ ಹೋದವು. ಮೇಲಿನವರ ಒತ್ತಡ ಇಲ್ಲದೆ ಇಂಥ ವೇಗ ಬಾರದು ಎಂಬುದನ್ನು ಒಪ್ಪಲೇಬೇಕು. ಇಂತಿಷ್ಟೇ ಪಾಲು ಎಂದು ಗೊತ್ತು ಮಾಡಿದಾಗ ಮೊದಲು ಹೋಗುವುದು ಯಾರೂ ಬಳಸದ ಸತ್ತ ನಿಯಮಗಳು, ಆಮೇಲೆ ಯಾರೂ ವಿರೋಧಿಸದವು. ಬಿಗಿಯಾದವು ಕೊನೆಯವರೆಗೂ ಜಾಗ ಬಿಡುವುದಿಲ್ಲ. ವಿಶ್ವಬ್ಯಾಂಕಿನ ಸುಲಲಿತ ವ್ಯವಹಾರದ (ಈಸ್ ಆಫ್ ಡೂಯಿಂಗ್ ಬಿಸಿನೆಸ್) ಶ್ರೇಯಾಂಕ ಇದ್ದಾಗಲೂ ಇಂಥದ್ದೇ ಚಪಲವಿತ್ತು. ಅದು ಬಹುತೇಕ ದೇಶಗಳಲ್ಲಿ ಅತಿದೊಡ್ಡ ವ್ಯಾಪಾರಿ ನಗರದ, ಒಂದು ನಿರ್ದಿಷ್ಟ ಬಗೆಯ ಕಂಪನಿಯನ್ನು ಮಾತ್ರ ಅಳೆಯುತ್ತಿತ್ತು. ಸುಧಾರಣೆಯೂ ಅಲ್ಲಿಗೇ ಸೀಮಿತವಾಗುವ ಅಪಾಯವಿತ್ತು. ಅಂಕಿ ಅಂಶಗಳಲ್ಲಿ ಅಕ್ರಮ ಕಂಡುಬಂದು 2021ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕೇ ಅದನ್ನು ನಿಲ್ಲಿಸಿತು.

ರದ್ದಾದದ್ದು ಮರಳಿ ಬರುವುದೂ ಉಂಟು. ವಿಯೆಟ್ನಾಂನಲ್ಲಿ 1999ರ ಉದ್ಯಮ ಕಾನೂನು ಜಾರಿಗೆ ಬಂದ ಮೇಲೆ ನೂರಕ್ಕೂ ಹೆಚ್ಚು ಉಪ ಪರವಾನಗಿಗಳು ಹೋದವು. ಕೆಲವೇ ವರ್ಷಗಳಲ್ಲಿ ‘ವ್ಯವಹಾರದ ಷರತ್ತು’ ಎಂಬಂಥ ಬೇರೆ ಬೇರೆ ಹೆಸರಿನಲ್ಲಿ ತಿರುಗಿ ಬಂದವು. ಅಮೆರಿಕದ ಅಲಬಾಮಾದಲ್ಲಿ 1983ರಲ್ಲಿ ಕ್ಷೌರಿಕರ ಪರವಾನಗಿ ಹೋಗಿತ್ತು, 2013ರಲ್ಲಿ ಮತ್ತೆ ಬಂತು. ಭಾರತದಲ್ಲಿ 1991ರ ಜುಲೈನ ಕೈಗಾರಿಕಾ ನೀತಿ 18 ಉದ್ಯಮಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಕೈಗಾರಿಕಾ ಪರವಾನಗಿಯನ್ನು ತೆಗೆಯಿತು. ಏನನ್ನು, ಎಷ್ಟು ತಯಾರಿಸಬೇಕು ಎಂದು ಕೇಂದ್ರ ಸರ್ಕಾರದ ಅಪ್ಪಣೆ ಕೇಳುವುದು ತಪ್ಪಿತು, ಅದು ದೊಡ್ಡ ಬದಲಾವಣೆಯೇ. ಆದರೆ ಜಮೀನು, ನೀರು, ವಿದ್ಯುತ್, ಕಟ್ಟಡ, ಕಾರ್ಮಿಕ ಇಲಾಖೆಗಳ ಅನುಮತಿಗಳಿಗೆ ಆ ನೀತಿ ಕೈಹಾಕಿರಲಿಲ್ಲ.

ಮರಳಿ ಬಾರದಂತೆ ತಡೆಯಲು ಗಟ್ಟಿಯಾದ ಉಪಾಯ ಒಂದಿದೆ: ಚಾಲ್ತಿಯಲ್ಲಿರುವ ಎಲ್ಲ ಪರವಾನಗಿಗಳ ಪಟ್ಟಿಯನ್ನು ಕಾನೂನಿನಲ್ಲೇ ಇಟ್ಟು, ಈ ಪಟ್ಟಿಯಲ್ಲಿ ಇಲ್ಲದ್ದನ್ನು ಯಾವ ಕಚೇರಿಯೂ ಕೇಳುವಂತಿಲ್ಲ, ಕೇಳಿದರೆ ಕೊಡಬೇಕಾಗಿಲ್ಲ ಎಂದು ಬರೆಯುವುದು. ಜಾರ್ಜಿಯಾದ 2005ರ ಕಾನೂನಿನಿಂದ ಕಲಿಯಬೇಕಾದದ್ದು ಇದನ್ನೇ ಹೊರತು ಅದರ ಸಂಖ್ಯೆಯನ್ನಲ್ಲ. ಹೊಸ ಪರವಾನಗಿ ಬೇಕೆಂದರೆ ಸುತ್ತೋಲೆಯಿಂದ ಸಾಧ್ಯವಿಲ್ಲ, ಶಾಸನಸಭೆಗೆ ಬಂದು ಪಟ್ಟಿಗೆ ಸೇರಿಸಿಕೊಳ್ಳಬೇಕು. ಅಮೆರಿಕದ ಕೊಲರಾಡೊ 1976ರಲ್ಲಿ ನಿಯಂತ್ರಣ ಮಂಡಳಿಗಳಿಗೆ ತಂದ ಹಾಗೆ ಪ್ರತಿಯೊಂದಕ್ಕೂ ಮುಕ್ತಾಯದ ದಿನಾಂಕ ಇಡುವುದೂ ಒಂದು ದಾರಿ. ಅದರಲ್ಲಿ ಅಪಾಯ ಇಷ್ಟೇ: ಮುಕ್ತಾಯಗಳೆಲ್ಲ ಒಂದೇ ವರ್ಷಕ್ಕೆ ಬಿದ್ದರೆ ಪರಿಶೀಲನೆ ಎಂಬುದು ಒಂದು ಸಾಲಿನ ವಿಸ್ತರಣಾ ಆದೇಶವಾಗಿ ಮುಗಿಯುತ್ತದೆ. ವರ್ಷಕ್ಕೆ ಹತ್ತಿಪ್ಪತ್ತರಂತೆ ಹಂಚಬೇಕು.

ಕೊನೆಯದಾಗಿ ಪತ್ರಿಕೆಯವರಲ್ಲಿ ಒಂದು ಕೋರಿಕೆ. ಮುಂದಿನ ಸಲ ಇಂಥ ಪ್ರಕಟಣೆ ಬಂದಾಗ ರದ್ದಾದವುಗಳ ಪಟ್ಟಿಯನ್ನು ಕಲಂ ಸಂಖ್ಯೆಯ ಸಮೇತ ಕೇಳಿ. ಅವುಗಳಿಗೆ ಹಿಂದಿನ ವರ್ಷ ಎಷ್ಟು ಅರ್ಜಿ ಬಂದಿದ್ದವು ಎಂದು ಕೇಳಿ. ಸೊನ್ನೆಗಳೇ ಹೆಚ್ಚಿದ್ದರೆ ಅದೇ ಸುದ್ದಿ. ಉಳಿದವುಗಳಲ್ಲಿ ಅತಿ ಹೆಚ್ಚು ಅರ್ಜಿ ಬರುವ ಐದನ್ನು ಆರಿಸಿ, ಹಳೆಯ ನಮೂನೆ, ಹೊಸ ನಮೂನೆ ಎರಡನ್ನೂ ಅಕ್ಕಪಕ್ಕ ಅಚ್ಚು ಮಾಡಿ. ಯಾವ ಕಾಲಂ ಹೋಯಿತು, ಯಾವ ಲಗತ್ತು ಉಳಿಯಿತು ಎಂದು ಓದುಗರೇ ಎಣಿಸಿಕೊಳ್ಳಲಿ.

ಇಂತಿ,
ನಿಮ್ಮ ಓದುಗ